ಗಡಿಯಾರದ ಮಾತ್ರೆ, ಮರೆತುಹೋಗುವ ಮಾತ್ರೆ

ಮೊದಲೇ ಹೇಳಿಬಿಡುತ್ತೇನೆ: ಗಾಬರಿ, ಆತಂಕಕ್ಕೆ ಕೊಡುವ ಎರಡು ಮಾತ್ರೆಗಳಾದ ಅಲ್ಪ್ರಜೋಲಮ್ ಮತ್ತು ಎಸಿಟಾಲೊಪ್ರಾಮ್ ನಡುವೆ ನನ್ನ ಓಟು ಎಸಿಟಾಲೊಪ್ರಾಮ್‌ಗೆ. ಮೊದಲನೆಯದನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ನುಂಗಿ, ಅದರಿಂದ ಬಿಡಿಸಿಕೊಳ್ಳಲು ಏಳು ತಿಂಗಳು ತೆತ್ತವಳು ನಾನು. ನನ್ನಿಂದ ನಿಷ್ಪಕ್ಷಪಾತ ತೀರ್ಪನ್ನು ನಿರೀಕ್ಷಿಸಬೇಡಿ. ವೈದ್ಯೆಯೂ ಅಲ್ಲ, ದಾವಣಗೆರೆಯ ಬ್ಯಾಂಕ್ ಶಾಖೆಯೊಂದರ ಕ್ಯಾಷ್ ಕೌಂಟರಿನಲ್ಲಿ ಕೂರುವವಳು.

2018ರ ಜನವರಿಯಲ್ಲಿ ಬೆಂಗಳೂರಿನಿಂದ ಬರುವಾಗ, ಹಿರಿಯೂರು ದಾಟಿದ ಮೇಲೆ ಬಸ್ಸಿನಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಬೆರಳುಗಳು ಜೋಮು ಹಿಡಿದವು. ಸಾಯುತ್ತಿದ್ದೇನೆ ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆದರು, ನೆಟ್ಟಗಿತ್ತು. ‘ಗ್ಯಾಸ್ ಇರಬೇಕು’ ಎಂದರು. ಒಂದೇ ತಿಂಗಳಲ್ಲಿ ಆ ಗ್ಯಾಸ್ ಇನ್ನೂ ಮೂರು ಸಲ ಬಂತು. ಒಮ್ಮೆ ಕೌಂಟರಿನಲ್ಲಿ ನೋಟು ಎಣಿಸುತ್ತಿರುವಾಗಲೇ.

ನಮ್ಮ ಬಡಾವಣೆಯ ವೈದ್ಯರು ಅಲ್ಪ್ರಜೋಲಮ್ 0.25 ಮಿ.ಗ್ರಾಂ. ಬರೆದುಕೊಟ್ಟರು. ಹೊಗಳಬೇಕಾದುದನ್ನು ಹೊಗಳಿಬಿಡುತ್ತೇನೆ: ಅರ್ಧ ಗಂಟೆಯಲ್ಲಿ ಎದೆಯ ಮೇಲಿನ ಚಪ್ಪಡಿ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಇಂಥ ಮಾತ್ರೆ ಇರುವಾಗ ಜನ ಯಾಕೆ ಒದ್ದಾಡುತ್ತಾರೆ ಎಂದುಕೊಂಡೆ. ಚೀಟಿಯಲ್ಲಿ ಹತ್ತು ದಿನ ಎಂದಿತ್ತು. ಮೂರು ವರ್ಷ ಮಾಡಿಕೊಂಡವಳು ನಾನೇ.

ಅದಕ್ಕೆ ಅಡ್ಡಿಯೇನೂ ಬರಲಿಲ್ಲ ಎನ್ನುವುದು ನನ್ನ ಮೊದಲ ತಕರಾರು. 2014ರ ಮಾರ್ಚಿನಿಂದ ಈ ಮಾತ್ರೆ ಎಚ್‌1 ಅನುಸೂಚಿಯಲ್ಲಿದೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ. ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಔಷಧ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಎರಡು ವರ್ಷ ಹಳೆಯ, ಮಡಿಕೆಯಲ್ಲಿ ಹರಿದ ಚೀಟಿಗೂ ಎರಡು ಸ್ಟ್ರಿಪ್ ಬಂದುಬಿಡುತ್ತಿದ್ದವು. ನಮ್ಮ ಬ್ಯಾಂಕಿನಲ್ಲಿ ಅಂಥ ಚೆಕ್ ತಂದಿದ್ದರೆ ನಾನೇ ವಾಪಸು ಕಳಿಸುತ್ತಿದ್ದೆ.

ಇನ್ನು ಬೆಳಗಿನ ಜಾವದ ನಾಲ್ಕು ಗಂಟೆಯ ವಿಷಯ. ರಾತ್ರಿ ಒಂದು ಇದ್ದದ್ದು ದಿನಕ್ಕೆ ಎರಡಾಯಿತು, 0.25 ಹೋಗಿ 0.5 ಆಯಿತು. ಅಷ್ಟಾದರೂ ನಸುಕಿನಲ್ಲಿ ಬೆವೆತು ಏಳುತ್ತಿದ್ದೆ. ಕಾಯಿಲೆ ಬಲಿಯಿತು ಎಂದೇ ನಂಬಿದ್ದೆ. ಮುಂದೆ ಮನೋವೈದ್ಯರು ಲೆಕ್ಕ ಬಿಡಿಸಿದರು: ರಕ್ತದಲ್ಲಿ ಈ ಮಾತ್ರೆ ಅರ್ಧಕ್ಕಿಳಿಯಲು ಸುಮಾರು ಹನ್ನೊಂದು ಗಂಟೆ ಸಾಕು. ಅದು ತೆಳುವಾದಂತೆಲ್ಲ ಒಗ್ಗಿಹೋದ ಮಿದುಳು ಗಲಾಟೆ ಎಬ್ಬಿಸುತ್ತದೆ, ನಾವು ಅದನ್ನೇ ರೋಗ ಎಂದುಕೊಂಡು ಇನ್ನೊಂದು ನುಂಗುತ್ತೇವೆ. ಕೈಸಾಲದ ಬಡ್ಡಿ ಕಟ್ಟಲು ಮತ್ತೆ ಕೈಸಾಲ. ಕೌಂಟರಿನ ಈಚೆ ಕೂತು ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದೇನೆ, ನನ್ನದೇ ಕಣ್ಣಿಗೆ ಬಿದ್ದಿರಲಿಲ್ಲ. ಬ್ರಿಟನ್ನಿನಲ್ಲಿ ಈ ಜಾತಿಯ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬಾರದೆಂದು 1988ರಲ್ಲೇ ವೈದ್ಯರಿಗೆ ಸೂಚನೆ ಹೋಗಿತ್ತಂತೆ. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ.

ಎಸಿಟಾಲೊಪ್ರಾಮ್ ಶುರುವಾದದ್ದು 2021ರಲ್ಲಿ. ಒಂದು ವಾರ 5 ಮಿ.ಗ್ರಾಂ., ಆಮೇಲೆ 10. ಇದರ ಮೊದಲ ಹದಿನೈದು ದಿನ ಮಾತ್ರ ಯಾರಿಗೂ ಬೇಡ. ಹೊಟ್ಟೆ ತೊಳಸುತ್ತಿತ್ತು, ಗಾಬರಿ ಇಳಿಯುವ ಬದಲು ಏರಿತು. ‘ಹಾಗಾಗುತ್ತದೆ, ನಾಲ್ಕು ವಾರ ತಾಳಿ’ ಎಂದು ವೈದ್ಯರು ಮೊದಲೇ ಹೇಳಿರದಿದ್ದರೆ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆದಿರುತ್ತಿದ್ದೆ. ಜೊತೆಗೆ ಆಕಳಿಕೆ. ಪಿಂಚಣಿ ತೆಗೆದುಕೊಳ್ಳಲು ಬಂದ ಹಿರಿಯರೊಬ್ಬರು ‘ರಾತ್ರಿ ಪಾಳಿಯಾ ತಾಯಿ?’ ಎಂದು ಕೇಳುವಷ್ಟು. ಐದನೆಯ ವಾರದಲ್ಲಿ ಒಂದು ಸಂಜೆ, ಇಡೀ ದಿನ ನನ್ನ ನಾಡಿ ನಾನೇ ಹಿಡಿದು ನೋಡಿಕೊಂಡಿಲ್ಲ ಎಂಬುದು ತಟ್ಟನೆ ಹೊಳೆಯಿತು. ಅಷ್ಟೇ. ಚಪ್ಪಡಿ ಕಲ್ಲು ಎತ್ತಿಟ್ಟ ಅನುಭವವೇನೂ ಆಗಲಿಲ್ಲ.

ಆದರೆ ಅಲ್ಪ್ರಜೋಲಮ್ ಇನ್ನೂ ಹೊಟ್ಟೆಯಲ್ಲೇ ಇತ್ತು. ದಿನಕ್ಕೆ 1 ಮಿ.ಗ್ರಾಂ. ಅದನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಅದಕ್ಕೇ ಎರಡು ವಾರಕ್ಕೊಮ್ಮೆ 0.125 ಇಳಿಸಬೇಕೆಂದು ವೈದ್ಯರು ಪಟ್ಟಿ ಬರೆದುಕೊಟ್ಟರು. 0.125 ಎಂಬ ಮಾತ್ರೆ ನನಗೆ ಎಲ್ಲಿಯೂ ಸಿಗಲಿಲ್ಲ. ತೊಗರಿಕಾಳಿನಷ್ಟಿರುವ 0.25ನ್ನು ಮನೆಯಲ್ಲೇ ಸೀಳಬೇಕು.

ಸ್ಟೀಲ್ ತಟ್ಟೆಯ ಮೇಲೆ ಹೊಸ ಬ್ಲೇಡ್ ಇಟ್ಟು ಒತ್ತಿದೆ. ಒಂದು ಹೋಳು ತಟ್ಟೆಯಲ್ಲಿ ಉಳಿಯಿತು, ಇನ್ನೊಂದು ಗ್ಯಾಸ್ ಒಲೆಯ ಕೆಳಗೆ ಹಾರಿತು. ಟಾರ್ಚ್ ಹಿಡಿದು, ಬೋರಲು ಮಲಗಿ, ನಲವತ್ತರ ಆಸುಪಾಸಿನ ಹೆಂಗಸು ಒಲೆಯ ಕೆಳಗಿನ ಸಾಸಿವೆ ಕಾಳುಗಳ ನಡುವೆ ಅರ್ಧ ಮಾತ್ರೆ ಹುಡುಕುವ ದೃಶ್ಯವನ್ನು ಗಂಡ ನೋಡಿದರು, ಪುಣ್ಯಕ್ಕೆ ನಗಲಿಲ್ಲ. ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ತಂದರು. ಅದರಲ್ಲಿಯೂ ಅರ್ಧ ಎಂದೂ ಅರ್ಧವಾಗಲಿಲ್ಲ. ಒಂದು ಕಡೆ ದಪ್ಪ ಹೋಳು, ಇನ್ನೊಂದು ಕಡೆ ಪುಡಿ. ದಪ್ಪದ್ದನ್ನು ತಿಂದ ರಾತ್ರಿ ನಿದ್ದೆ, ಪುಡಿ ತಿಂದ ರಾತ್ರಿ ನಾಲ್ಕು ಗಂಟೆ. ಕೊನೆಗೆ ಜೋಡಿ ಹೋಳುಗಳನ್ನು ಒಂದೇ ಪೊಟ್ಟಣದಲ್ಲಿಟ್ಟು, ಇವತ್ತು ದೊಡ್ಡದು ತಿಂದರೆ ನಾಳೆ ಕಡ್ಡಾಯವಾಗಿ ಅದರ ಜೋಡಿ ಎಂದು ನಿಯಮ ಮಾಡಿಕೊಂಡೆ.

ಇದರ ನಡುವೆ ಅಂಗಡಿಯವರು ಒಮ್ಮೆ ಎಸ್‌ಆರ್ ಎಂದು ಅಚ್ಚಾದ ಸ್ಟ್ರಿಪ್ ಕೊಟ್ಟುಬಿಟ್ಟರು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅದು. ಕತ್ತರಿಸಿದರೆ ಆ ನಿಧಾನವೇ ಕೆಡುತ್ತದೆ. ಎರಡು ದಿನ ಸೀಳಿ ತಿಂದ ಮೇಲೆ ನನ್ನ ಕಣ್ಣು ಆ ಎರಡು ಅಕ್ಷರಗಳ ಮೇಲೆ ಬಿತ್ತು. ನಾಲ್ಕು ತಿಂಗಳೆಂದು ಹೊರಟ ಪಟ್ಟಿ ಹೀಗೆ ಏಳು ತಿಂಗಳಿಗೆ ಹಿಗ್ಗಿತು. ಕಡೆಯ ಕಾಲು ಹೋಳು ಬಿಡುವುದಕ್ಕೆ ಮೊದಲ ಅರ್ಧ ಮಿ.ಗ್ರಾಂ. ಬಿಟ್ಟದ್ದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು.

ನಡುವೆ ಎದೆಬಡಿತ, ನಡುಕ ಇಳಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನೂ ರುಚಿ ನೋಡಿದ್ದೇನೆ. ತರಬೇತಿಯಲ್ಲಿ ಎದ್ದುನಿಂತು ಮಾತನಾಡಬೇಕಾದಾಗ ಕೈನಡುಕ ನಿಲ್ಲಿಸಿತು, ಒಳಗಿನ ಹೆದರಿಕೆಯನ್ನು ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ನನಗೆ ದಮ್ಮು ಇತ್ತು ಎಂದು ತಿಳಿಸಿದ ದಿನವೇ ವೈದ್ಯರು ಅದನ್ನು ನಿಲ್ಲಿಸಿದರು. ಆಸ್ತಮಾ ಇರುವವರಿಗೆ ಅದು ಸಲ್ಲದು.

ಮಾತಿನ ಚಿಕಿತ್ಸೆಗೆ ಎಂಟು ಸಲ ಹೋದೆ, ಪ್ರತಿ ಸಲದ ಶುಲ್ಕ ನನ್ನ ಇಡೀ ತಿಂಗಳ ಮಾತ್ರೆಗಿಂತ ದುಬಾರಿ. ಆದರೂ ಅಲ್ಲಿ ಒಂದು ಗುಟ್ಟು ಹೊರಬಿತ್ತು. ಅಲ್ಪ್ರಜೋಲಮ್ ಬಿಟ್ಟ ಮೇಲೂ ಪರ್ಸಿನ ಜಿಪ್ಪಿನೊಳಗೆ ಒಂದು ಮಾತ್ರೆಯನ್ನು ತಾಯಿತದಂತೆ ಇಟ್ಟುಕೊಂಡೇ ಬಸ್ ಹತ್ತುತ್ತಿದ್ದೆ. ಅದನ್ನು ಮನೆಯಲ್ಲಿ ಬಿಟ್ಟು ಹರಿಹರದವರೆಗೆ ಹೋಗಿ ಬನ್ನಿ ಎಂದರು. ಹೋದೆ. ಎದೆ ಹೊಡೆದುಕೊಂಡಿತು, ಇಳಿಯುವ ಹೊತ್ತಿಗೆ ತಾನಾಗಿ ಸುಮ್ಮನಾಯಿತು.

ಎಸಿಟಾಲೊಪ್ರಾಮ್ ಸಾಧುವೇನಲ್ಲ. ಮೂರು ಕಿಲೋ ತೂಕ ಏರಿದೆ. ದಾಂಪತ್ಯದ ಉತ್ಸಾಹ ಇಳಿದಿದೆ, ಇದನ್ನು ವೈದ್ಯರಿಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಶಿರಸಿಯ ಮದುವೆಗೆ ಹೋದಾಗ ಡಬ್ಬಿ ಮರೆತು ಮೂರು ದಿನ ತಪ್ಪಿತು. ಕಣ್ಣು ಹೊರಳಿಸಿದಾಗಲೆಲ್ಲ ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದಂತಾಗುತ್ತಿತ್ತು. ಹಾಗಾದರೆ ಇದೂ ಚಟವೇ ಅಲ್ಲವೇ ಎಂದು ಅತ್ತಿಗೆ ಕೇಳಿದರು. ಥಟ್ಟನೆ ಬಿಡಲಾಗದು, ನಿಜ. ಆದರೆ ಶುರುವಿನಿಂದ ಇವತ್ತಿನವರೆಗೆ ನನ್ನ 10 ಮಿ.ಗ್ರಾಂ. ಹತ್ತೇ ಆಗಿ ಉಳಿದಿದೆ, ಇನ್ನೊಂದು ಬೇಕು ಎಂದು ಮಧ್ಯಾಹ್ನ ಗಡಿಯಾರ ನೋಡಿದ್ದಿಲ್ಲ. ಮದುವೆಮನೆಯಲ್ಲಿ ಡಬ್ಬಿ ಮರೆತದ್ದೂ ಅದಕ್ಕೇ. ಅಲ್ಪ್ರಜೋಲಮ್ ಮರೆತು ನಾನು ಪಕ್ಕದ ಬೀದಿಗೂ ಹೋದವಳಲ್ಲ.

ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಜನೌಷಧಿ ಕೇಂದ್ರದಲ್ಲಿ ಕೊಂಡರೆ ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ. ಮಾತ್ರೆಯ ಹೊತ್ತು ಕಾಯುವ ವ್ಯವಧಾನವಿಲ್ಲದ, ಬಸ್ಸಿನಲ್ಲಿ ಓಡಾಡಲೇಬೇಕಾದ ನನ್ನಂಥವಳಿಗೆ ಇದು ಒಪ್ಪುತ್ತದೆ. ಕಳೆದ ಭೇಟಿಯಲ್ಲಿ ವೈದ್ಯರು ‘ಇನ್ನು 5ಕ್ಕೆ ಇಳಿಸಿ ನೋಡೋಣವೇ?’ ಎಂದರು. ನೋಡೋಣ, ಆದರೆ ಬ್ಯಾಂಕಿನ ಲೆಕ್ಕ ಮುಗಿಯುವ ಕಾಲ, ಮಾರ್ಚ್ ಕಳೆಯಲಿ ಎಂದೆ. ಅವರು ಚೀಟಿಯ ಮೂಲೆಯಲ್ಲಿ ‘ಏಪ್ರಿಲ್’ ಎಂದು ಬರೆದರು.