ಮಾರ್ವಾಡಿ ಕುದುರೆಯ ಕಿವಿಗೆ ಹಿತವಾದ ಲಗಾಮು: ಮೂರರಲ್ಲಿ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮಾರ್ವಾಡಿ ಕುದುರೆ ಗೌರಿಗೆ ಒಗ್ಗಿದ್ದು ಮೂರನೆಯದು: ಕಿವಿಯ ಹಿಂದೆ ತಲೆಯ ಮೇಲೆ ಹಾಯುವ ನೆತ್ತಿಪಟ್ಟಿಯನ್ನು ಕಿವಿಯ ಬುಡದ ಹತ್ತಿರ ಬಾಗಿಸಿ ಕತ್ತರಿಸಿ, ಒಳಗೆ ಮೆತ್ತೆ ಕೊಟ್ಟು ಹೊಲಿದ ಚರ್ಮದ ಲಗಾಮು. ಆರು ಸಾವಿರ ಬಿತ್ತು. ಅದಕ್ಕೂ ಮುಂಚೆ ಎರಡು ಕೊಂಡು ಕೈಸುಟ್ಟುಕೊಂಡಿದ್ದೆ.

ಮೊದಲು ತಂದದ್ದು ಸಿದ್ಧ ಅಳತೆಯ ಚರ್ಮದ್ದು, ಕಾಬ್ ಸೈಜ್, ಅಂದರೆ ಸಣ್ಣ ತಲೆಯ ಕುದುರೆಗಳ ಅಳತೆ. ಗೌರಿಯ ಮೂತಿ ಸಣ್ಣದು, ಕೆನ್ನೆಪಟ್ಟಿ ಸರಿಯಾಗಿ ಕೂತಿತು. ಎರಡು ತಿಂಗಳಾಗುವಷ್ಟರಲ್ಲಿ ಲಗಾಮು ಕಂಡರೆ ಸಾಕು, ತಲೆ ಮೇಲೆತ್ತಿ ಹಿಂದೆ ಸರಿಯತೊಡಗಿದಳು. ಲಾಯದವರು 'ಹಟ ಕಲಿತಿದ್ದಾಳೆ' ಅಂದರು. ಒಂದು ಸಂಜೆ ಲಗಾಮು ಬಿಚ್ಚಿ ನೋಡಿದೆ. ಕಿವಿಯ ಹಿಂದೆ ಬೆವರಿನಲ್ಲಿ ತೊಯ್ದ ಕೂದಲ ನಡುವೆ ನಾಲ್ಕಾಣೆಯಷ್ಟಗಲ ಬೋಳಾಗಿತ್ತು. ಹೆಬ್ಬೆರಳು ತಾಗಿಸಿದರೆ ಬೆಚ್ಚಿದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ತಪ್ಪು ಹಣೆಪಟ್ಟಿಯದು. ಅದು ಗಿಡ್ಡವಾದರೆ ನೆತ್ತಿಪಟ್ಟಿಯನ್ನು ಮುಂದಕ್ಕೆಳೆದು ಕಿವಿಯ ಬುಡಕ್ಕೆ ಒತ್ತುತ್ತದೆ. ಮಾರ್ವಾಡಿ ಕುದುರೆಗಳ ಕಿವಿ ಒಳಕ್ಕೆ ಬಾಗಿ ತುದಿಗೆ ತುದಿ ತಾಗುವಂಥದ್ದು, ಸದಾ ತಿರುಗುತ್ತಿರುತ್ತದೆ. ಪ್ರತಿ ಸಲ ತಿರುಗಿದಾಗಲೂ ಚರ್ಮದ ಅಂಚು ಉಜ್ಜುತ್ತದೆ. ದರ್ಜಿಯ ಟೇಪನ್ನು ಒಂದು ಕಿವಿಯ ಹಿಂಬದಿಯಿಂದ ಹಣೆಯ ಮೇಲೆ ಹಾಯಿಸಿ ಇನ್ನೊಂದು ಕಿವಿಯ ಹಿಂಬದಿಗೆ ತಂದೆ: 16 ಇಂಚು. ಪಟ್ಟಿ ಇದ್ದದ್ದು 15. ಒಂದೇ ಇಂಚಿಗೆ ಅವಳು ಎರಡು ತಿಂಗಳು ನೋವು ತಿಂದಳು.

ಎರಡನೆಯದು ಬಯೋಥೇನ್, ಅಂದರೆ ಪ್ಲಾಸ್ಟಿಕ್ ಲೇಪಿಸಿದ ನೇಯ್ಗೆಪಟ್ಟಿಯದು. ಮಳೆಗಾಲದಲ್ಲಿ ಬೂಸ್ಟು ಹಿಡಿಯದು, ಬಕೆಟ್ ನೀರಲ್ಲಿ ಅದ್ದಿ ತೊಳೆದರಾಯಿತು. ಆದರೆ ನಾನು ಕೊಂಡದ್ದರಲ್ಲಿ ಕೆನ್ನೆಪಟ್ಟಿಯ ತೂತುಗಳ ನಡುವೆ ಅಂತರ ಹೆಚ್ಚು. ಒಂದು ತೂತು ಮೇಲಾದರೆ ಕಟಬಾಯಿಯಲ್ಲಿ ಮೂರು ಸುಕ್ಕು, ಕೆಳಗಾದರೆ ಬಾಯೊಳಗಿನ ಕಡಿವಾಣ ಜೋತು ಹಲ್ಲಿಗೆ ಬಡಿಯುತ್ತದೆ.

ಮೂರನೆಯದರಲ್ಲಿ ಹಣೆಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಗಂಟಲುಪಟ್ಟಿಗೆ ನಾಲ್ಕು ಬೆರಳಿನ ಜಾಗ. ಮೂಗುಪಟ್ಟಿಯನ್ನು ಬಿಗಿಯುವವರೇ ಹೆಚ್ಚು. ಸ್ಪರ್ಧೆಗಳಲ್ಲಿ ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2025ರಿಂದ ಮೂಗಿನ ಎಲುಬಿನ ಮೇಲೆ 1.5 ಸೆಂ.ಮೀ. ಸಡಿಲವನ್ನು ಅಳತೆಪಟ್ಟಿ ತೂರಿಸಿಯೇ ನೋಡುತ್ತದೆ. ನಾನು ಎರಡು ಬೆರಳಿಡುತ್ತೇನೆ, ಅದೂ ಎಲುಬಿನ ಮೇಲೆಯೇ. ಪಕ್ಕದ ಮೆತ್ತನೆಯ ಭಾಗದಲ್ಲಿ ಬೆರಳಿಟ್ಟರೆ ಎಷ್ಟು ಬಿಗಿದಿದ್ದರೂ ಸಡಿಲವೆನಿಸುತ್ತದೆ.

ನಾನು ವಾರಕ್ಕೆ ನಾಲ್ಕು ದಿನ ಸವಾರಿ ಮಾಡುತ್ತೇನೆ, ಭಾನುವಾರ ಗ್ಲಿಸರಿನ್ ಸೋಪು ಹಚ್ಚಿ ಒರೆಸಲು ಬೇಸರವಿಲ್ಲ. ಹಾಗಾಗಿ ನನಗೆ ಚರ್ಮವೇ ಸರಿ. ಲಾಯ ಸೋರುವವರಿಗೆ, ತಿಂಗಳಿಗೊಮ್ಮೆ ಹತ್ತುವವರಿಗೆ ಬಯೋಥೇನ್ ಸಾಕು, ತೂತುಗಳ ಅಂತರ ನೋಡಿ ಕೊಳ್ಳಲಿ.

ಮೊದಲನೆಯದಕ್ಕೆ 16 ಇಂಚಿನ ಹಣೆಪಟ್ಟಿ ಹೊಲಿಸಿ ಲಾಯದ ಇನ್ನೊಂದು ಕುದುರೆಗೆ ಕೊಟ್ಟೆ. ಗೌರಿಯ ಕಿವಿಯ ಹಿಂದೆ ಕೂದಲು ಮತ್ತೆ ಬಂದಿದೆ, ಕೊಂಚ ಬೆಳ್ಳಗೆ.