ಎರಡು ಪೆಗ್ ಹಾಕಿದ ಕೈಬರಹ: ಗಿರಿ ರಸ್ತೆಯ ಒಂದು ಚಿತ್ರಸಂಜೆ

ಮುಳ್ಳಯ್ಯನಗಿರಿಗೆ ಹೋಗುವ ದಾರಿಯ ರೆಸಾರ್ಟೊಂದರಲ್ಲಿ ಶನಿವಾರ ಸಂಜೆ ‘ಕುಡಿಯುತ್ತಾ ಬಿಡಿಸಿ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಗುಟುಕು ಒಳಗಿಳಿದರೆ ಕೈ ಹಗುರಾಗುತ್ತದೆ ಎಂಬುದು ಅವರ ಪ್ರಚಾರ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನ್ನನ್ನು ಆ ಮಾತೇ ಕೆಣಕಿತು. ಕಾರು ಓಡಿಸುವವನು ನಾನೇ ಆದ್ದರಿಂದ ನಿಂಬೆ ಶರಬತ್ತಿನಲ್ಲಿ ತೃಪ್ತಿಪಟ್ಟೆ. ಕುಡಿದವರು ಹಾಸನದಲ್ಲಿ ದಸ್ತಾವೇಜು ಬರೆಯುವ ನಮ್ಮ ಭಾವ.

ಮೊದಲು ಎಲ್ಲರೂ ಒಂದು ಸುರುಳಿ ಬಿಡಿಸಿ, ಕೆಳಗೆ ‘ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ ಮಂಜು’ ಎಂದು ಬರೆಯಬೇಕು. ಎರಡು ಪೆಗ್ ಆದ ಮೇಲೆ ಮತ್ತೆ ಅದೇ. ಕೊಟ್ಟ ದುಡ್ಡು ಸಾರ್ಥಕವಾದದ್ದು ಇಲ್ಲಿ. ಭಾವನವರ ಮೊದಲ ಸಾಲಿನಲ್ಲಿ ಒಂದಕ್ಷರವೂ ಅತ್ತಿತ್ತ ಅಲುಗಿರಲಿಲ್ಲ. ಎರಡನೆಯದರಲ್ಲಿ ಅಕ್ಷರಗಳು ಉಬ್ಬಿ, ನಡುವಿನ ಜಾಗ ಹಿಗ್ಗಿ, ‘ಮಂಜು’ವಿಗೆ ಸಾಲಿನಲ್ಲಿ ಜಾಗವೇ ಉಳಿಯಲಿಲ್ಲ. ಪರ್ವತದ ಅರ್ಕಾವೊತ್ತು ಯಾವ ಅಕ್ಷರಕ್ಕೂ ಸೇರದೆ ದೂರ ನಿಂತಿತ್ತು. ಕೈಯ ಚಲನೆಯನ್ನು ಹದದಲ್ಲಿಡುವುದು ಕಿರುಮೆದುಳು. ಮದ್ಯ ಅಲ್ಲಿಗೆ ತಲುಪಿದರೆ ಗೆರೆ ತಪ್ಪುತ್ತದೆ, ಅಕ್ಷರ ದೊಡ್ಡದಾಗುತ್ತದೆ. ತಮಾಷೆಯೆಂದರೆ, ತಪ್ಪನ್ನು ಗುರುತಿಸುವ ಬುದ್ಧಿಯೂ ಜೊತೆಗೇ ಮಂಕಾಗುತ್ತದೆ. “ಮೊದಲನೆಯದಕ್ಕಿಂತ ಇದರಲ್ಲೇ ಜೀವ ಇದೆ ಕಣಯ್ಯ” ಎಂದರು ಭಾವ.

ಪಕ್ಕದ ಮೇಜಿನ ಹಿರಿಯರದು ಮಾತ್ರ ತದ್ವಿರುದ್ಧ. ಅವರಿಗೆ ವಂಶದಲ್ಲೇ ಬಂದ ಕೈನಡುಕ. ಗರಗಸದ ಹಲ್ಲಿನಂತಿದ್ದ ಅವರ ಸುರುಳಿ ಎರಡನೆಯ ಸಲ ನುಣುಪಾಗಿತ್ತು. ಈ ಬಗೆಯ ನಡುಕವನ್ನು ಮದ್ಯ ಹಲವರಲ್ಲಿ ಕೆಲಹೊತ್ತು ತಗ್ಗಿಸುವುದು ವೈದ್ಯರಿಗೆ ಗೊತ್ತಿರುವ ಸಂಗತಿಯೇ. ಅಮಲು ಇಳಿದ ಮೇಲೆ ಅದು ಇನ್ನಷ್ಟು ಜೋರಾಗಿ ಮರಳಬಹುದು ಎಂಬುದೂ. ಅಲ್ಲಿನವರು ಚಪ್ಪಾಳೆ ತಟ್ಟಿದರೇ ಹೊರತು ಆ ಎರಡನೆಯ ಮಾತನ್ನು ಹೇಳಲಿಲ್ಲ.

ಅಕ್ಕಿ ರೊಟ್ಟಿ, ಕೋಳಿ ಸಾರಿಗೆ ಪೂರ್ತಿ ಅಂಕ. ಜಲವರ್ಣಕ್ಕೆ ಝೆರಾಕ್ಸ್ ಹಾಳೆ ಕೊಟ್ಟದ್ದು ಅನ್ಯಾಯ. ನೀರು ತಾಗಿದೊಡನೆ ಸುಕ್ಕುಗಟ್ಟಿತು.

ನನ್ನ ದೊಡ್ಡ ತಕರಾರು ಕಾಫಿಯದು. ಕೊನೆಗೆ ಗಟ್ಟಿ ಡಿಕಾಕ್ಷನ್ನಿನ ಕಾಫಿ ಕೊಟ್ಟು, “ಇದು ಕುಡಿದರೆ ಅಮಲು ಇಳಿಯುತ್ತದೆ ಸಾರ್, ಧಾರಾಳವಾಗಿ ಗಾಡಿ ಓಡಿಸಿ” ಎನ್ನುತ್ತಾರೆ. ಕಾಫಿ ನಿದ್ದೆಯನ್ನು ಓಡಿಸೀತು, ಅಷ್ಟೇ. ಮದ್ಯವನ್ನು ಕರಗಿಸುವುದು ಯಕೃತ್ತು, ಅದೂ ಗಂಟೆಗೆ 100 ಮಿ.ಲೀ. ರಕ್ತಕ್ಕೆ ಸುಮಾರು 15 ಮಿ.ಗ್ರಾಂ. ಲೆಕ್ಕದಲ್ಲಿ. ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 30. ಕಾಫಿ ಮುಗಿದ ಮೇಲೆ ಭಾವನವರ ಕೈಗೆ ಇನ್ನೊಮ್ಮೆ ಪೆನ್ನು ಕೊಟ್ಟು ನೋಡಿದೆ. ಸಾಲು ಆಗಲೂ ಇಳಿಜಾರಿನಲ್ಲೇ ಇತ್ತು. ಹೋಗುವವರು ದಪ್ಪ ಹಾಳೆಯನ್ನು ನೀವೇ ಒಯ್ಯಿರಿ. ಕುಡಿಯುವುದಾದರೆ ರಾತ್ರಿಗೆ ಅಲ್ಲೇ ಕೊಠಡಿ ಹಿಡಿಯಿರಿ.