ನ್ಯೂಟ್ರಾನ್ ಎಷ್ಟು ದಪ್ಪಕ್ಕೆ ನಿಲ್ಲುತ್ತದೆ? ನಿಸ್ಟ್‌ನ ಉಚಿತ ಕ್ಯಾಲ್ಕುಲೇಟರ್ ಹೇಗಿದೆ?

ನಾನು ಎಂ.ಎಸ್ಸಿ. ಮಕ್ಕಳಿಗೆ ನ್ಯೂಕ್ಲಿಯರ್ ಫಿಸಿಕ್ಸ್ ಪಾಠ ಮಾಡುತ್ತೇನೆ. ಕ್ಲಾಸಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ವೆಬ್‌ಸೈಟ್ ಯಾವುದು ಅಂತ ಕೇಳಿದರೆ, ಅಮೆರಿಕದ ನಿಸ್ಟ್ (ಅಳತೆ-ಮಾನದಂಡಗಳ ಸರ್ಕಾರಿ ಸಂಸ್ಥೆ) ಸಂಸ್ಥೆಯ ನ್ಯೂಟ್ರಾನ್ ಕ್ಯಾಲ್ಕುಲೇಟರ್ ಅನ್ನುತ್ತೇನೆ. ಒಂದು ವಸ್ತುವಿನೊಳಗೆ ನ್ಯೂಟ್ರಾನ್ ಕಿರಣ ಎಷ್ಟು ದೂರ ಹೋಗುತ್ತದೆ ಅಂತ ಲೆಕ್ಕ ಹಾಕಿಕೊಡುವ ಪುಟ ಅದು. ದುಡ್ಡು ಕಟ್ಟಬೇಕಿಲ್ಲ, ಲಾಗಿನ್ ಇಲ್ಲ. ನೋಡೋಕೆ ಚೆಂದವೂ ಇಲ್ಲ, ಆದರೆ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ.

ವಸ್ತುವಿನ ಸೂತ್ರ, ಸಾಂದ್ರತೆ, ದಪ್ಪ, ನ್ಯೂಟ್ರಾನಿನ ತರಂಗದೂರ ಕೊಡಬೇಕು, ಅಷ್ಟೇ. ತರಂಗದೂರ 1.8 ಆಂಗ್‌ಸ್ಟ್ರಾಮ್ ಅಂತ ಹಾಕಿ. ಅದು ಸೆಕೆಂಡಿಗೆ ಸುಮಾರು 2200 ಮೀಟರ್ ವೇಗದ ಥರ್ಮಲ್ ನ್ಯೂಟ್ರಾನ್, ಅಂದರೆ ಕೋಣೆಯ ಉಷ್ಣತೆಯಲ್ಲಿರುವ ನಿಧಾನದ ನ್ಯೂಟ್ರಾನ್. ಪುಸ್ತಕಗಳಲ್ಲಿ ಕಾಣುವ ಬಾರ್ನ್ ಲೆಕ್ಕದ ಹೀರಿಕೆಯ ಅಂಕಿಗಳು ಸಾಮಾನ್ಯವಾಗಿ ಈ ವೇಗಕ್ಕೇ ಕೊಟ್ಟಿರುವಂಥವು. ಒಂದು ಪರಮಾಣು ನ್ಯೂಟ್ರಾನನ್ನು ಎಷ್ಟು ಸುಲಭವಾಗಿ ನುಂಗುತ್ತದೆ ಅನ್ನೋದರ ಅಳತೆ ಬಾರ್ನ್; ಅಂಕಿ ದೊಡ್ಡದಾದಷ್ಟೂ ಹೀರಿಕೆ ಹೆಚ್ಚು.

ಇದೇ ಸಂಸ್ಥೆಯ ಇನ್ನೊಂದು ಪುಟದಲ್ಲಿ ಬರೀ ಪಟ್ಟಿ ಇದೆ. 1992ರಲ್ಲಿ 'ನ್ಯೂಟ್ರಾನ್ ನ್ಯೂಸ್' ಪತ್ರಿಕೆಯಲ್ಲಿ ಬಂದ ಅಂಕಿಗಳು. ಕ್ಯಾಡ್ಮಿಯಂ 2520 ಬಾರ್ನ್, ಗ್ಯಾಡೊಲಿನಿಯಂ 49,700, ಅಲ್ಯೂಮಿನಿಯಂ 0.231, ಸೀಸ 0.171. ಪರೀಕ್ಷೆಗೆ ಇಷ್ಟು ಬಾಯಿಪಾಠ ಮಾಡಿದರೆ ನಡೆಯುತ್ತದೆ, ಅರ್ಥ ಮಾತ್ರ ಆಗಲ್ಲ. ಕ್ಯಾಲ್ಕುಲೇಟರ್ ಅದನ್ನೇ ದಪ್ಪದ ಲೆಕ್ಕಕ್ಕೆ ತರುತ್ತದೆ. ಹೀರಿಕೆಯೊಂದನ್ನೇ ಹಿಡಿದರೆ, ಕಿರಣ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯಲು ಗ್ಯಾಡೊಲಿನಿಯಂ 7 ಮೈಕ್ರಾನ್ ಸಾಕು. ಕ್ಯಾಡ್ಮಿಯಂ 0.09 ಮಿಲಿಮೀಟರ್ ಬೇಕು. ಅಲ್ಯೂಮಿನಿಯಂ 72 ಸೆಂಟಿಮೀಟರ್, ಸೀಸ ಒಂದೂಮುಕ್ಕಾಲು ಮೀಟರ್! ರೇಡಿಯೇಷನ್ ಅಂದ ತಕ್ಷಣ ಸೀಸದ ಗೋಡೆ ಎನ್ನುವ ಮಕ್ಕಳು ಇಲ್ಲಿ ಸುಮ್ಮನಾಗುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ನೀರಿನ ಉತ್ತರ. ಬರೀ ಹೀರಿಕೆ ಲೆಕ್ಕ ಹಾಕಿದರೆ 45 ಸೆಂಟಿಮೀಟರ್ ಅನ್ನುತ್ತದೆ. ಹೈಡ್ರೋಜನ್ ಚೆದುರಿಸುವುದನ್ನೂ ಸೇರಿಸಿದ ಸಾಲಿನಲ್ಲಿ ಸುಮಾರು 2 ಮಿಲಿಮೀಟರ್ ಬರುತ್ತದೆ. ನುಂಗುವುದು ಬೇರೆ, ದಾರಿ ತಪ್ಪಿಸುವುದು ಬೇರೆ ಅಂತ ಒಂದು ಗಂಟೆ ಪಾಠ ಮಾಡುವ ಬದಲು ಈ ಎರಡು ಸಾಲು ತೋರಿಸಿದರೆ ಆಯ್ತು. ಪ್ರಯೋಗದಲ್ಲೂ ಇದೇ ತೊಡಕು. ಮಾದರಿಯ ಹಿಂದೆ ಡಿಟೆಕ್ಟರ್ ಇಟ್ಟು ಎಣಿಸಿದಾಗ ಎಷ್ಟು ಕಡಿಮೆಯಾಯಿತು ಅಂತ ಗೊತ್ತಾಗುತ್ತದೆ, ಯಾವ ಕಾರಣಕ್ಕೆ ಅಂತ ಗೊತ್ತಾಗಲ್ಲ. ಹಾಗಾಗಿ ಹೀರಿಕೆಯನ್ನೇ ಬೇರೆಯಾಗಿ ಅಳೆಯಲು ಬೇರೆ ದಾರಿ ಹಿಡಿಯುತ್ತಾರೆ: ನ್ಯೂಟ್ರಾನ್ ನುಂಗಿದ ಪರಮಾಣು ಬೀಜ ಆ ಕ್ಷಣವೇ ಹೊರಬಿಡುವ ಗಾಮಾ ಕಿರಣ ಹಿಡಿಯುವುದು, ಇಲ್ಲವೇ ನುಂಗಿದ ವಸ್ತು ಆಮೇಲೆ ಹೊರಸೂಸುವ ವಿಕಿರಣವನ್ನು ಎಣಿಸುವುದು. ಚಿನ್ನದ ಹಾಳೆ ಇದಕ್ಕೆ ಹಳೇ ನಂಟ. ನ್ಯೂಟ್ರಾನ್ ನುಂಗಿದ ಚಿನ್ನ ವಿಕಿರಣಶೀಲ ಚಿನ್ನ-198 ಆಗುತ್ತದೆ. ಅದರ ಅರ್ಧಾಯುಷ್ಯ 2.7 ದಿನ, ಎಣಿಸಲು ಬೇಕಾದಷ್ಟು ಸಮಯ ಸಿಗುತ್ತದೆ.

ಇನ್ನೊಂದು ಒಳ್ಳೆಯ ಅಂಶ, ಹೀಗೆ ವಿಕಿರಣಶೀಲವಾದ ವಸ್ತು ಕಿರಣದಿಂದ ಹೊರಬಂದ ಮೇಲೆ ಎಷ್ಟು ಹೊತ್ತು ಮುಟ್ಟಬಾರದು ಎಂಬ ಅಂದಾಜನ್ನೂ ಕೊಡುತ್ತದೆ. ಅಲ್ಯೂಮಿನಿಯಂ-28 ಎರಡೂಕಾಲು ನಿಮಿಷಕ್ಕೆ ಅರ್ಧವಾಗುತ್ತದೆ. ಕೋಬಾಲ್ಟ್-60ಕ್ಕೆ 5.27 ವರ್ಷ ಬೇಕು. ಮಿಶ್ರಣವನ್ನು ತೂಕದ ಶೇಕಡಾ ಲೆಕ್ಕದಲ್ಲೂ ಕೊಡಬಹುದು. ಜಿರ್ಕೋನಿಯಂಗೆ 2% ಹಾಫ್ನಿಯಂ ಬೆರೆಸಿ ನೋಡಿ. 0.185 ಬಾರ್ನ್ ಇದ್ದದ್ದು ಸರಾಸರಿ ಸುಮಾರು 1.26ಕ್ಕೆ ಏರುತ್ತದೆ. ಅದಿರಿನಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ. ನಮ್ಮ ಕೈಗಾದಂಥ ಸ್ಥಾವರಗಳ ಇಂಧನ ಕೊಳವೆಗೆ ಹಾಫ್ನಿಯಂ ಬೇರ್ಪಡಿಸಿದ ಜಿರ್ಕೋನಿಯಂ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕೊರತೆಗಳೂ ಇವೆ. ಅಕ್ಷರದ ದೊಡ್ಡದು ಚಿಕ್ಕದು ನೋಡಿ ಹೊಡೆಯಬೇಕು. ಕೋಬಾಲ್ಟ್ ಚಿಹ್ನೆಯ ಎರಡನೇ ಅಕ್ಷರ ದೊಡ್ಡದಾದರೆ ಅದು ಕಾರ್ಬನ್ ಮೊನಾಕ್ಸೈಡ್ ಆಗಿಬಿಡುತ್ತದೆ! ಅದಕ್ಕಿಂತ ಮುಖ್ಯವಾಗಿ, ಇದನ್ನು ನಿಧಾನದ ನ್ಯೂಟ್ರಾನಿಗೆ ಮಾತ್ರ ನಂಬಿ. 1 ಮಿಲಿಮೀಟರ್ ಕ್ಯಾಡ್ಮಿಯಂ ದಾಟಿ ಥರ್ಮಲ್ ನ್ಯೂಟ್ರಾನ್ ಲಕ್ಷಕ್ಕೆ ಒಂದು ಬರುವುದೂ ಕಷ್ಟ. ಅದೇ ಹಾಳೆ ಅರ್ಧ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಮೀರಿದ ವೇಗದ ನ್ಯೂಟ್ರಾನುಗಳಿಗೆ ಬಾಗಿಲು ತೆರೆದಂತೆ. ಶಕ್ತಿಗೆ ತಕ್ಕಂತೆ ಹೀರಿಕೆಯ ಈ ಏರಿಳಿತ ನೋಡಬೇಕಾದರೆ ಎನ್‌ಇಎ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) ಕೊಡುವ ಜಾನಿಸ್ ಎಂಬ ಗ್ರಾಫ್ ತಂತ್ರಾಂಶದಲ್ಲಿ ಕ್ಯಾಡ್ಮಿಯಂ-113ರ ಗ್ರಾಫ್ ತೆಗೆಯಿರಿ. 0.18 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ದೊಡ್ಡ ಶಿಖರ, ಆಮೇಲೆ ಕಡಿದಾದ ಇಳಿಜಾರು. ಜಾನಿಸ್ ಕೂಡ ಉಚಿತವೇ, ಕಲಿಯೋಕೆ ಮಾತ್ರ ಜಾಸ್ತಿ ಸಮಯ ಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಅಂಕ ಫೋನಿನ ಪರದೆಗೆ ಸರಿಯಾಗಿ ಹೊಂದುವಂತೆ ಮಾಡಿದ ದಿನ.